ಎಡಗೈ ಗಂಟು

ಜನವರಿ 11, ಸೋಮವಾರ

ಇವತ್ತು 214 ಕಾಗದ. ಸೀಲು, ತಾರೀಕು, ನಂಬರು, ಪುಟ್ಟ ಸಹಿ. ಸೀಲು, ತಾರೀಕು, ನಂಬರು, ಪುಟ್ಟ ಸಹಿ. ವಿಮಾ ಕಂಪನಿಗೆ ಬರುವ ಕಾಗದವನ್ನು ಯಾರೇ ಓದುವ ಮೊದಲು ನಾನು ಮುಟ್ಟಬೇಕು. ಇನ್‌ವರ್ಡ್ ಸೆಕ್ಷನ್, ಹದಿನಾರು ವರ್ಷ. ಓದುವ ಅಗತ್ಯವಿಲ್ಲ, ಮುಟ್ಟಿದರೆ ಸಾಕು.

ಮೂರು ಗಂಟೆ ಹೊತ್ತಿಗೆ ಒಂದೇ ಕಾಗದಕ್ಕೆ ಎರಡು ನಂಬರು ಕೊಟ್ಟುಬಿಟ್ಟೆ. ನೋಡೋಣ ಎಂದು ತಿದ್ದದೆ ಕಳಿಸಿದೆ. ನಾಲ್ಕು ಮೇಜು ದಾಟಿತು, ಐದು ಸಹಿ ಬಿತ್ತು. ಯಾರೂ ಏನೂ ಅನ್ನಲಿಲ್ಲ. ಬಾತ್‌ರೂಮಿಗೆ ಹೋಗಿ ಅತ್ತು ಬಂದೆ. ನಲವತ್ಮೂರು ವರ್ಷದ ಹೆಂಗಸು ಇನ್‌ವರ್ಡ್ ನಂಬರಿಗಾಗಿ ಅಳುವುದು!

ಪಕ್ಕದ ಮೇಜಿನವಳು ಕೇಳಿದಳು, "ಏನಕ್ಕಾ, ತಲೆನೋವಾ?" ಬಾಯಿ ಮುಚ್ಚುವುದೇ ಇಲ್ಲ ಎಂದು ಅವಳಿಗೆ ಗಿಳಿ ಅಂತ ಹೆಸರಿಟ್ಟಿದ್ದೇವೆ. ಆಫೀಸಿನಲ್ಲಿ ನನಗಿರುವ ಒಬ್ಬಳೇ ಸ್ನೇಹಿತೆ.

"ಇಲ್ಲ ಕಣೇ. ಬೇಜಾರು."

"ಬೇಜಾರು ಯಾರಿಗಿಲ್ಲ ಬಿಡಿ. ಐದೂವರೆಗೆ ಸರಿಹೋಗುತ್ತೆ."

ನನಗೆ ಐದೂವರೆಗೂ ಸರಿಹೋಗುವುದಿಲ್ಲ. ಶನಿವಾರಕ್ಕೆ ಸರಿಹೋಗುತ್ತದೆ.

ಜನವರಿ 16, ಶನಿವಾರ

ಅರ್ಧ ದಿನ ಆಫೀಸು. ಸೀದಾ ಕುರ್ಚಿ ಮೇಷ್ಟ್ರ ಹತ್ತಿರ. ಸೈಕಲ್ ರಿಪೇರಿ ಅಂಗಡಿಯ ಹಿಂದಿನ ಕೋಣೆ. ಹೋದ ವರ್ಷ ಮನೆಯ ಬೆತ್ತದ ಕುರ್ಚಿ ತೂತು ಬಿದ್ದಾಗ ಸರಿಮಾಡಿಸಲು ಹೋದವಳು ಅಲ್ಲೇ ಕೂತು ನೋಡಿದೆ. ಮುಂದಿನ ವಾರ ಸುಮ್ಮನೆ ಹೋದೆ. ಹನ್ನೊಂದು ತಿಂಗಳಾಯಿತು, ಒಂದು ಶನಿವಾರವೂ ತಪ್ಪಿಸಿಲ್ಲ.

ಮೇಷ್ಟ್ರಿಗೆ ಒಂಬತ್ತನೇ ವಯಸ್ಸಿನಿಂದ ಕಣ್ಣಿಲ್ಲ. ಆದರೂ ಇಸ್ತ್ರಿ ಮಾಡದ ಅಂಗಿ ಹಾಕುವವರಲ್ಲ. ಜೇಬಿನಲ್ಲಿ ಎರಡು ಪೆನ್ನು. ಯಾಕೆ ಎಂದರೆ, "ನೋಡೋರಿಗೆ ಇರ್ಲಿ ಅಂತ" ಎನ್ನುತ್ತಾರೆ. ಕಲಿಸುವಾಗ ಮಾತ್ರ ಹುಲಿ.

ನಾನು ಹೆಣೆದು ಮುಗಿಸಿದ ಕುರ್ಚಿ ಕೊಟ್ಟೆ. ಎಂದಿನ ಹಾಗೆ ಬೋರಲು ಹಾಕಿ ಮೊದಲು ಅಡಿಗೆ ಕೈಯಾಡಿಸಿದರು. ಬೆತ್ತದ ಸೀಳು ಚೌಕಟ್ಟಿನ ತೂತಿನಿಂದ ಕೆಳಗಿಳಿದು ಗಂಟು ಬೀಳುವ ಜಾಗ ಅದು.

"ಮೇಲ್ಗಡೆ ಎಲ್ಲಾರದ್ದೂ ಒಂದೇ ಥರ ಕಾಣುತ್ತೆ ಅಂತಾರೆ. ಕೆಳಗೆ ಮುಟ್ಟಿದ್ರೆ ಹೆಣೆದೋರು ಯಾರು ಅಂತ ಗೊತ್ತಾಗುತ್ತೆ. ನಿಮ್ಮ ಗಂಟು ಪೂರ್ತಿ ಉಲ್ಟಾ ಕಣ್ರೀ ಆಫೀಸಮ್ಮ. ಇಂಥದ್ದು ನಾನು ಮುಟ್ಟೇ ಇಲ್ಲ."

"ಎಡಚಿ ಅಲ್ವಾ ಮೇಷ್ಟ್ರೇ. ಬಿಚ್ಚಿ ಹಾಕ್ಲಾ?"

"ಮುಟ್ಟಬೇಡಿ. ಕಲ್ಲಿನ ಹಾಗೆ ಕೂತಿದೆ." ಆಮೇಲೆ ಸೀಟಿನ ಮೇಲೆ ಅಂಗೈ ಒತ್ತಿದರು, ಬೆರಳ ತುದಿಯಿಂದ ಓರೆಗೆರೆಗಳನ್ನು ಒಂದೊಂದಾಗಿ ಎಣಿಸಿದರು. "ಇನ್ನು ಶನಿವಾರ ಬಂದು ನನ್ನ ತಲೆ ತಿನ್ನಬೇಡಿ. ಕೈ ಕೂತಿದೆ. ಸ್ವಂತ ಶುರು ಮಾಡಿ."

ಹನ್ನೊಂದು ತಿಂಗಳಲ್ಲಿ ಒಂದು ಸಲವೂ ಚೆನ್ನಾಗಿದೆ ಅಂದವರಲ್ಲ. ಬಸ್ಸಿನಲ್ಲಿ ಸೀಟು ಖಾಲಿ ಇದ್ದರೂ ನಿಂತುಕೊಂಡೇ ಬಂದೆ.

ಜನವರಿ 17, ಭಾನುವಾರ

ಇವರಿಗೆ ಹೇಳಿದೆ. (ಗಂಡನನ್ನು ಡೈರಿಯಲ್ಲೂ ಹೆಸರು ಹಿಡಿದು ಬರೆಯಲು ಕೈ ಬರುವುದಿಲ್ಲ.) ಔಷಧಿ ಕಂಪನಿಯ ರೆಪ್ ಇವರು. ದಿನಾ ಹತ್ತು ಕ್ಲಿನಿಕ್ಕು ಸುತ್ತಿ ಹತ್ತು ಡಾಕ್ಟರಿಗೆ ಹಲ್ಲು ಬಿಡುವ ಕೆಲಸ. ಮಾತಿನ ಮಲ್ಲ. ಇವತ್ತು ಮಾತ್ರ ಒಂದೇ ಪ್ರಶ್ನೆ ಕೇಳಿದರು.

"ಕೆಲಸ ಬಿಟ್ಟೇ ಬಿಡ್ತೀಯಾ?"

"ಬಿಟ್ಟೇ ಬಿಡ್ತೀನಿ. ಬಾಕಿ ಹದಿನೇಳು ವರ್ಷ ಸೀಲು ಹೊಡೆಯೋಕೆ ನನ್ನ ಕೈಲಾಗಲ್ಲ ರೀ."

ಅತ್ತೆ ಅಡುಗೆಮನೆಯಿಂದಲೇ, "ಕುರ್ಚಿ ಹೆಣೆಯೋಕೆ ಬಿ.ಕಾಂ. ಓದಿಸಿದ್ರಾ ನಿಮ್ಮಪ್ಪ?" ಎಂದರು. ನಾನು ನಕ್ಕೆ. ಇವರು ನಗಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಬಂದು ನನ್ನ ಕೈ ಹಿಡಿದು, "ಆಯ್ತು. ನಿನ್ನ ಖುಷಿಗಿಂತ ಹೆಚ್ಚಾ?" ಎಂದರು. ಇಂಥ ಗಂಡ ಎಷ್ಟು ಜನಕ್ಕಿದ್ದಾನೆ!

ಜನವರಿ 29, ಶುಕ್ರವಾರ

ರಾಜೀನಾಮೆ ಬರೆದೆ, ನಾಲ್ಕೇ ಸಾಲು. ಬರುವ ಕಾಗದಕ್ಕೆಲ್ಲ ನಂಬರು ಕೊಡುವವಳು ನಾನು. ನನ್ನ ಕಾಗದಕ್ಕೆ ನಾನೇ ಕೊಡುವುದು ಸರಿಯಲ್ಲ ಅನ್ನಿಸಿತು. ಗಿಳಿಯ ಕೈಗಿಟ್ಟೆ, "ನೀನೇ ಎಂಟ್ರಿ ಮಾಡಿ ದೊಡ್ಡ ಮೇಜಿಗೆ ಕಳಿಸು." ದೊಡ್ಡ ಮೇಜು ಎಂದರೆ ನಮ್ಮ ಮ್ಯಾನೇಜರು. ಸಾಲದ್ದಕ್ಕೆ ಅವರು ಇವತ್ತು ರಜ.

ಗಿಳಿ ಮುಖ ಕೆಂಪಗಾಯಿತು. "ಯೋಚನೆ ಮಾಡಿದೀರಾ ಅಕ್ಕಾ?" ಎಂದಷ್ಟೇ ಕೇಳಿದಳು. ಪಾಪ, ನಾನಿಲ್ಲದೆ ಒಬ್ಬಳೇ ಆಗುತ್ತಾಳೆ. ತಬ್ಬಿಕೊಂಡು ಬಂದೆ.

ಫೆಬ್ರವರಿ 9, ಮಂಗಳವಾರ

ಮೊದಲ ಕುರ್ಚಿ! ಹಲ್ಲಿನ ಡಾಕ್ಟರ ವೇಟಿಂಗ್ ರೂಮಿನದ್ದು. ಇವರೇ ಸ್ಕೂಟರಿನ ಹಿಂದೆ ಕಟ್ಟಿಕೊಂಡು ತಂದರು. "ನಿನ್ನ ಬಗ್ಗೆ ಹೇಳ್ತಾ ಇದ್ದೆ, ಅವರೇ ಎತ್ತಿ ಕೊಟ್ಟುಬಿಟ್ರು" ಎಂದರು.

ರೂಢಿ ಬಿಡುತ್ತದೆಯೇ? ಹೊಸ ನೋಟ್‌ಬುಕ್ಕು ತೆಗೆದು ಗೆರೆ ಹಾಕಿ ಎಂಟ್ರಿ ಮಾಡಿದೆ. ಕುರ್ಚಿ ನಂ. 1. ತಾರೀಕು. ಎಲ್ಲಿಂದ. ತೂತು: ಮುಂದೆ 24, ಹಿಂದೆ 19, ಪಕ್ಕ 21. ಇವರು ನೋಡಿ, "ಆಫೀಸು ಬಿಟ್ಟರೂ ಆಫೀಸು ನಿನ್ನ ಬಿಡಲಿಲ್ಲ" ಎಂದು ರೇಗಿಸಿದರು.

ಬಚ್ಚಲಲ್ಲಿ ಟಬ್ಬಿಗೆ ನೀರು ಹಾಕಿ ಬೆತ್ತ ನೆನೆಸಿದೆ. ಇಪ್ಪತ್ತು ನಿಮಿಷ. ಅತ್ತೆ ಸ್ನಾನಕ್ಕೆ ಹೋಗಿ, "ಏನಮ್ಮ ಇದು, ಹಾವಿನ ಬುಟ್ಟಿ ಮಾಡಿದೀಯಾ ಬಚ್ಚಲನ್ನ!" ಎಂದು ಕೂಗಿಕೊಂಡರು.

ಮಾರ್ಚ್ 6, ಶನಿವಾರ

ನಂ. 3 ಮುಗಿಯಿತು. ಹೋಮಿಯೋಪಥಿ ಡಾಕ್ಟರದ್ದು. ಬಲಗಡೆ ಏಳನೇ ತೂತು ಸೀಳಿತ್ತು. ಮರದ ಚೂರು ಕೂರಿಸಿ, ಅಂಟು ಹಾಕಿ, ಹೊಸದಾಗಿ ಕೊರೆದೆ. ಅದಕ್ಕೇ ಒಂದು ದಿನ ಹಿಡಿಯಿತು. ಅದನ್ನೂ ನೋಟ್‌ಬುಕ್ಕಿನಲ್ಲಿ ಬರೆದಿದ್ದೇನೆ.

ಇದನ್ನು ಹೇಗೆ ಬರೆಯುವುದೋ ಗೊತ್ತಿಲ್ಲ. ಮೊದಲ ಉದ್ದಗೆರೆ, ಅಡ್ಡಗೆರೆ, ಮತ್ತೆ ಉದ್ದ, ಮತ್ತೆ ಅಡ್ಡ. ಅಲ್ಲಿವರೆಗೂ ಅದು ಬರೀ ಬಲೆ, ಒತ್ತಿದರೆ ಜಾರುತ್ತದೆ. ಓರೆಗೆರೆ ಎರಡು ಕಡೆಯಿಂದಲೂ ಬಿದ್ದಮೇಲೆ ಎಲ್ಲವೂ ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಆ ಹೊತ್ತಿಗೆ ಗಡಿಯಾರ ನೋಡಿದರೆ ಊಟದ ಸಮಯ ದಾಟಿ ಹೋಗಿರುತ್ತದೆ. ಆಫೀಸಿನಲ್ಲಿ ನಾಲ್ಕು ಗಂಟೆಯೊಳಗೆ ಗಡಿಯಾರವನ್ನು ನಲವತ್ತು ಸಲ ನೋಡುತ್ತಿದ್ದೆ.

ಡಾಕ್ಟರ ಹತ್ತಿರ ನಾನೇ ತೆಗೆದುಕೊಂಡು ಹೋಗುತ್ತೇನೆ, ಕೂರುವವರನ್ನು ನೋಡಬೇಕು ಎಂದೆ. "ಬಿಸಿಲಲ್ಲಿ ನೀನ್ಯಾಕೆ ಹೊರ್ತೀಯಾ? ನಾನು ಹೇಗೂ ಅಲ್ಲಿಗೇ ಹೋಗೋನು" ಎಂದು ಇವರೇ ಒಯ್ದರು. ದುಡ್ಡೂ ಇವರೇ ತಂದುಕೊಡುತ್ತಾರೆ. ನಾನು ಮಹಾರಾಣಿ.

ಏಪ್ರಿಲ್ 18, ಭಾನುವಾರ

ಬರೆಯಲು ಪುರುಸೊತ್ತಿಲ್ಲ. ನಂ. 9. ಬೆರಳೆಲ್ಲ ಸೀಳು. ಬೆನ್ನು ನೋವು. ಬಹಳ ಸುಖವಾಗಿದ್ದೇನೆ.

ಆಫೀಸಿನ ಲೆಕ್ಕ ಯಾವಾಗ ಚುಕ್ತಾ ಆಗುತ್ತದೆ ಎಂದು ಕೇಳಲು ಗಿಳಿಗೆ ಎರಡು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ಕೋಪವಿರಬೇಕು.

ಮೇ 15, ಶನಿವಾರ

ಮಕ್ಕಳ ಡಾಕ್ಟರು ಚೀಟಿ ಕಳಿಸಿದ್ದಾರೆ, ಇವರ ಕೈಯಲ್ಲಿ. "ಕೆಲಸ ಅಚ್ಚುಕಟ್ಟು. ಬಂದವರೆಲ್ಲ ಕೇಳುತ್ತಾರೆ." ನೋಟ್‌ಬುಕ್ಕಿನ ನಂ. 12ರ ಪುಟಕ್ಕೆ ಅಂಟಿಸಿದೆ. ಅತ್ತೆಗೆ ಓದಿ ಹೇಳಿದೆ, ಸ್ವಲ್ಪ ಗತ್ತಿನಿಂದಲೇ. ಅವರು ಮೂಗು ಮುರಿಯುತ್ತಾರೆ ಎಂದುಕೊಂಡಿದ್ದೆ. ಎದ್ದು ಒಳಗೆ ಹೋದರು.

ಜೂನ್ 5, ಶನಿವಾರ

ನಂ. 14 ಕೊಟ್ಟು ಎರಡು ವಾರ. ಬೇರೆ ಬಂದಿಲ್ಲ. ಮೇಷ್ಟ್ರ ಹತ್ತಿರ ಹೋಗೋಣವೆಂದರೆ ನಾಚಿಕೆ. ಕೈ ಕೂತಿದೆ ಅಂದವರ ಎದುರು ಕೈ ಕಟ್ಟಿಕೊಂಡು ನಿಲ್ಲುವುದು ಹೇಗೆ?

ಜೂನ್ 24, ಗುರುವಾರ

ಒಂದೂ ಇಲ್ಲ. ಇವರು ಊಟಕ್ಕೆ ಕೂತಾಗ ಮೆಲ್ಲಗೆ, "ಬೇಕಾದ್ರೆ ಆಫೀಸಲ್ಲಿ ಮತ್ತೆ ಕೇಳಿ ನೋಡೋಣ್ವಾ? ಅವಮಾನ ಏನಿಲ್ಲ ಅದರಲ್ಲಿ" ಎಂದರು. ನಾನು ಜೋರಾಗಿ ಅತ್ತುಬಿಟ್ಟೆ, ತಟ್ಟೆಯ ಮುಂದೆಯೇ. ನನ್ನ ಕೆಲಸ ಯಾರಿಗೂ ಬೇಡವಾಯಿತಲ್ಲ. ಇವರ ಮುಖ ಸಪ್ಪಗಾಯಿತು. "ಅಳಬೇಡ ಕಣೇ, ಅಳಬೇಡ. ಬರುತ್ತೆ. ಒಂದಾದ್ರೂ ಬರುತ್ತೆ" ಎನ್ನುತ್ತಲೇ ಇದ್ದರು.

ಜೂನ್ 28, ಸೋಮವಾರ

ಬಂತು! ನಂ. 15. ಕಣ್ಣಿನ ಆಸ್ಪತ್ರೆಯದಂತೆ. ನೀಲಿ ಬಣ್ಣದ ಕುರ್ಚಿ, ಸೀಟು ಅಡ್ಡಕ್ಕೆ ಹರಿದಿದೆ. ಸಂಜೆಯಾಗಿದೆ. ಬೆಳಗ್ಗೆ ಶುರು.

ಜೂನ್ 29, ಮಂಗಳವಾರ. ಮಧ್ಯಾಹ್ನ 12

ಆದದ್ದನ್ನು ಕ್ರಮವಾಗಿ ಬರೆಯುತ್ತೇನೆ.

ಹಳೇ ಬೆತ್ತ ತೆಗೆಯಲು ಕುರ್ಚಿ ಬೋರಲು ಹಾಕಿದೆ. ಸೀಟು ಸವೆದು ಹರಿದದ್ದಲ್ಲ, ಕುಯ್ದದ್ದು. ಮೇಲೆ ಕಂದು ಬಣ್ಣ, ಮೂಸಿದರೆ ಟೀ ವಾಸನೆ. ಅಡಿಯಲ್ಲಿ ಬೆತ್ತ ಹೊಸದು, ಹಳದಿಗೆ ಹೊಳೆಯುತ್ತಿದೆ. ಯಾರೋ ಹಳೆಯದಾಗಿ ಕಾಣಲಿ ಎಂದು ಮೇಲ್ಗಡೆ ಮಾತ್ರ ಟೀ ಡಿಕಾಕ್ಷನ್ ಬಳಿದಿದ್ದಾರೆ.

ಗಂಟು ನೋಡಿದೆ. ಎಲ್ಲವೂ ಉಲ್ಟಾ. ಒಂದೊಂದೂ.

ನೋಟ್‌ಬುಕ್ಕು ತಂದು ತೂತು ಎಣಿಸಿದೆ. ಮುಂದೆ 22, ಹಿಂದೆ 18, ಪಕ್ಕ 20. ಬಲಗಡೆ ಏಳನೇ ತೂತು, ನೀಲಿ ಬಣ್ಣ ಕೆರೆದರೆ ಒಳಗೆ ನಾನು ಕೂರಿಸಿದ ಮರದ ಚೂರು. ಇದು ನಂ. 3. ಹೋಮಿಯೋಪಥಿ ಡಾಕ್ಟರ ಕುರ್ಚಿ. ನನ್ನ ಕುರ್ಚಿ.

ಹೊರಗೆ ಅತ್ತೆ ನಿಂತಿದ್ದರು. ನನ್ನ ಮುಖ ನೋಡಿ ಕೂತೇಬಿಟ್ಟರು. "ನಾನು ಅವನಿಗೆ ಹೇಳಿದೆ ಕಣಮ್ಮ, ಬೇಡ ಕಣೋ ಇದೆಲ್ಲ ಅಂತ. ಕೇಳಲಿಲ್ಲ."

"ಏನು ಬೇಡ ಅಂದ್ರಿ ಅತ್ತೆ?"

"ಅವನನ್ನೇ ಕೇಳು. ಗಂಡ ಹೆಂಡ್ತಿ ಮಧ್ಯೆ ನಾನ್ಯಾಕೆ ಬರ್ಲಿ."

ಅದೇ ದಿನ, ಸಂಜೆ 7

ಕೇಳಿದೆ. ಮೊದಲು ನಕ್ಕರು. ಆಮೇಲೆ ಕುರ್ಚಿ ಅದಲುಬದಲಾಗಿರಬೇಕು ಎಂದರು. ನೋಟ್‌ಬುಕ್ಕು ಮುಂದೆ ಹಿಡಿದೆ. ಹದಿನಾರು ವರ್ಷ ಇನ್‌ವರ್ಡಿನಲ್ಲಿ ಕೂತವಳ ಜೊತೆ ಸಂಸಾರ ಮಾಡಿದ್ದು ಆಗ ನೆನಪಾಗಿರಬೇಕು ಇವರಿಗೆ.

ಒಬ್ಬ ಡಾಕ್ಟರೂ ಕುರ್ಚಿ ಕೊಟ್ಟಿಲ್ಲ. ಗುಜರಿಯಲ್ಲಿ ಹದಿನಾಲ್ಕು ಹಳೇ ಕುರ್ಚಿ ಒಟ್ಟಿಗೆ ಕೊಂಡು ಇವರಣ್ಣ, ನಮ್ಮ ಭಾವನವರ ಶೆಡ್ಡಿನಲ್ಲಿ ಹಾಕಿಸಿದ್ದರು. ವಾರಕ್ಕೊಂದರಂತೆ ತಂದರು, ಹೆಣೆದದ್ದನ್ನು ಮತ್ತೆ ಅಲ್ಲೇ ಹಾಕಿದರು, ದುಡ್ಡು ತಮ್ಮ ಜೇಬಿನಿಂದಲೇ ಕೊಟ್ಟರು. ಮುಗಿದ ಮೇಲೆ, ನಾನು ಅತ್ತದ್ದನ್ನು ನೋಡಲಾರದೆ, ನಂ. 3ನ್ನು ಕುಯ್ದು, ಬಣ್ಣ ಹೊಡೆದು, ಟೀ ಬಳಿದು ತಂದರು. ಚೀಟಿ ಬರೆದದ್ದು ಭಾವ.

"ನಿನಗೋಸ್ಕರ ಕಣೇ ಮಾಡಿದ್ದು. ಆರು ತಿಂಗಳು ಖುಷಿಯಾಗಿರ್ಲಿ ಅಂತ."

"ಯಾವ ಆರು ತಿಂಗಳು?"

ನಾಲಿಗೆ ಕಚ್ಚಿಕೊಂಡರು.

"ಆರು ತಿಂಗಳು ಅಂದ್ರೇನು ರೀ? ನಾನು ಪೂರ್ತಿ ಬಿಟ್ಟು ಬಂದಿದೀನಿ."

ಸ್ಕೂಟರ್ ಕೀಲಿ ಬೆರಳಲ್ಲಿ ತಿರುಗಿಸುತ್ತ ಕೂತರು.

ಜೂನ್ 30, ಬುಧವಾರ

ಆಫೀಸಿಗೆ ಹೋದೆ. ನನ್ನ ಮೇಜಿನ ಮೇಲೆ ನನ್ನ ಸೀಲು, ನನ್ನ ಪ್ಯಾಡು, ನನ್ನ ನೀರಿನ ಲೋಟ. ಬಟ್ಟೆ ಮುಚ್ಚಿಟ್ಟಿದ್ದಾರೆ, ಒರೆಸಿಟ್ಟಿದ್ದಾರೆ. ಬಿಟ್ಟು ಹೋದವರ ಮೇಜನ್ನು ಯಾರೂ ಹೀಗೆ ಇಡುವುದಿಲ್ಲ.

ಗಿಳಿ ನನ್ನನ್ನು ಕಂಡು ಎದ್ದು ನಿಂತಳು.

"ನನ್ನ ಕಾಗದಕ್ಕೆ ಯಾವ ನಂಬರು ಕೊಟ್ಟೆ?"

"ಅಕ್ಕಾ..."

"ನಂಬರು ಹೇಳೇ."

ಕೊಟ್ಟಿಲ್ಲ. ಆ ದಿನವೇ ಇವರಿಗೆ ಫೋನ್ ಮಾಡಿದ್ದಾಳೆ. ನಾನು ಹೊರಟ ಮೇಲೆ ಇವರು ಬಂದಿದ್ದಾರೆ. ನಮ್ಮ ಆಫೀಸಿನಲ್ಲಿ ಒಂದು ಪದ್ಧತಿ ಇದೆ. ದಿಢೀರ್ ಜ್ವರ ಬಂದರೆ ಇರಲಿ ಎಂದು ಪ್ರತಿಯೊಬ್ಬರೂ ಸಹಿ ಮಾಡಿದ ಖಾಲಿ ರಜಾ ಫಾರಂ ಒಂದನ್ನು ಡ್ರಾಯರಿನಲ್ಲಿ ಇಟ್ಟಿರುತ್ತೇವೆ. ಯಾರಾದರೂ ತುಂಬಿ ಕೊಡುತ್ತಾರೆ. ನನ್ನದನ್ನು ತೆಗೆದು, ಇಬ್ಬರೂ ಕೂತು, ನನ್ನ ಮೇಜಿನಲ್ಲೇ, ನನ್ನ ಪೆನ್ನಿನಲ್ಲೇ ತುಂಬಿದ್ದಾರೆ. ಸಂಬಳವಿಲ್ಲದ ರಜೆ. ಕಾರಣ: ಕೌಟುಂಬಿಕ. ಫೆಬ್ರವರಿ 1ರಿಂದ ಜುಲೈ 31. ಸೋಮವಾರ, ಆಗಸ್ಟ್ 2ರಂದು ಹಾಜರು. ದೊಡ್ಡ ಮೇಜಿಗೆ ಗೊತ್ತಿರುವುದು ಇಷ್ಟೇ.

"ನೀವು ವಾಪಸ್ ಬಂದೇ ಬರ್ತೀರಿ ಅಂತ ಭಾವ ಹೇಳಿದ್ರು. ಆಮೇಲೆ ಕೆಲಸ ಇಲ್ಲದೆ ಒದ್ದಾಡಬಾರದಲ್ಲ ಅಂತ... ನಿಮ್ಮ ಒಳ್ಳೇದಕ್ಕೇ ಅಕ್ಕಾ."

ನನ್ನ ಗಂಡನನ್ನು ಅವಳು ಭಾವ ಎನ್ನುವುದು ಇಷ್ಟು ವರ್ಷ ನನಗೆ ಇಷ್ಟವಾಗಿತ್ತು. ಇವತ್ತು ಕಿವಿಯಲ್ಲಿ ಸೀಸ ಸುರಿದ ಹಾಗಾಯಿತು.

"ನನ್ನ ರಾಜೀನಾಮೆ ಎಲ್ಲಿ?"

ಡ್ರಾಯರು ತೆಗೆದು ಕೊಟ್ಟಳು. ಮಡಿಕೆ ಕೂಡ ಬಿಚ್ಚಿರಲಿಲ್ಲ.

ಜುಲೈ 3, ಶನಿವಾರ

ಭಾವನವರ ಶೆಡ್ಡಿಗೆ ಹೋದೆ. ಹೇಳದೆ ಹೋದೆ. ಬೀಗ ಇರಲಿಲ್ಲ. ಕದಿಯುವವರಿಗೂ ಬೇಡ.

ಹದಿಮೂರು ಕುರ್ಚಿ. ಒಂದರ ಮೇಲೊಂದು, ಕಾಲು ಮೇಲಾಗಿ. ಪಕ್ಕದಲ್ಲಿ ಹಳೇ ಟೈರು, ಒಡೆದ ಸಿಂಕು. ನಂ. 1 ಎಲ್ಲಕ್ಕಿಂತ ಕೆಳಗೆ. ಅದರ ಮೇಲೆ ಕೂತು ರೋಗಿಗಳು ಹಲ್ಲು ಹಿಡಿದುಕೊಂಡು ಕಾಯುತ್ತಾರೆ ಎಂದು ಎಷ್ಟು ದಿನ ಅಂದುಕೊಂಡಿದ್ದೆ. ನಂ. 12ರ ಮೇಲೆ ಮಕ್ಕಳು ಕಾಲು ಆಡಿಸುತ್ತಾರೆ ಎಂದು ಅಂಚನ್ನು ಎರಡು ಸುತ್ತು ಬಿಗಿದಿದ್ದೆ. ಸೀಟಿನ ಮೇಲೆಲ್ಲ ಧೂಳು. ಒಂದರಲ್ಲೂ ಯಾರೂ ಕೂತಿಲ್ಲ.

ಒಂದೊಂದನ್ನೇ ಇಳಿಸಿ ಸಾಲಾಗಿ ಇಟ್ಟು, ನಾನೇ ಕೂತೆ. ನಂ. 1ರಿಂದ ಶುರುಮಾಡಿ. ಯಾವುದೂ ಕಿರುಗುಟ್ಟಲಿಲ್ಲ, ಯಾವುದೂ ಜಗ್ಗಲಿಲ್ಲ. ಅಥವಾ ನನಗೆ ಹಾಗನ್ನಿಸಿತೋ? ಚೆನ್ನಾಗಿದೆ ಎಂದು ನನಗೆ ಹೇಳಿದವರೆಲ್ಲ ಸುಳ್ಳು ಹೇಳಿದವರೇ. ಇನ್ನು ನನ್ನ ಬೆನ್ನನ್ನಾದರೂ ಹೇಗೆ ನಂಬಲಿ?

ಜುಲೈ 19, ಸೋಮವಾರ

ಎರಡು ವಾರ ಇವರ ಜೊತೆ ಮಾತಿಲ್ಲ. ಇವತ್ತು ಇವರೇ ಶುರುಮಾಡಿದರು.

"ನಂದು ಟಾರ್ಗೆಟ್ ಕೆಲಸ. ಇವತ್ತು ಇದೆ, ನಾಳೆ ಗೊತ್ತಿಲ್ಲ. ನಿಂದು ಗಟ್ಟಿ ಇದೆ ಅನ್ನೋ ಧೈರ್ಯದ ಮೇಲೆ ನಾನು ಓಡಾಡೋದು. ನಿಂಗೆ ಬೇಡ ಅಂದಿದ್ರೆ ಜಗಳ ಆಗೋದು. ಅದಕ್ಕೇ..."

"ಜಗಳ ಆಡ್ಬೇಕಿತ್ತು ರೀ. ಪಾತ್ರೆ ಎಸೆದಾದ್ರೂ ಆಡ್ಬೇಕಿತ್ತು. ನಾನೂ ಎಸೀತಿದ್ದೆ. ಮುಗಿದು ಹೋಗ್ತಿತ್ತು."

"ನೀನು ಖುಷಿಯಾಗಿದ್ದೆ ತಾನೇ? ಅದು ಸುಳ್ಳಾ?"

ಖುಷಿಯಾಗಿದ್ದೆ, ಅದು ಸುಳ್ಳಲ್ಲ. ಅದಕ್ಕೇ ಇನ್ನೂ ಹೆಚ್ಚು ಉರಿಯುತ್ತಿದೆ. ನನ್ನ ಜೀವನದ ಅತ್ಯಂತ ಒಳ್ಳೆಯ ಐದು ತಿಂಗಳು, ಅಷ್ಟೂ ದಿನ ಇವರು ನನ್ನ ಕಿವಿಗೆ ಹೂವಿಟ್ಟರು. ಚಿಕ್ಕ ಮಗುವಿನ ಕೈಗೆ ಆಟದ ಸ್ಟೀರಿಂಗ್ ಕೊಟ್ಟು ಕಾರು ನೀನೇ ಓಡಿಸ್ತಿದೀಯಾ ಅನ್ನುತ್ತಾರಲ್ಲ, ಹಾಗೆ.

ಒಂದೇ ಒಂದು ವಿಷಯ ತಿಳಿಯಬೇಕು. ನನಗೆ ಕೆಲಸ ಬರುತ್ತದೋ ಇಲ್ಲವೋ? ಬರುವುದಿಲ್ಲವಾದರೆ 2ನೇ ತಾರೀಕು ಬಾಯಿ ಮುಚ್ಚಿಕೊಂಡು ಸೀಲು ಹಿಡಿಯುತ್ತೇನೆ. ಮೇಷ್ಟ್ರನ್ನು ಕೇಳಬೇಕು. ಅವರೂ ಇವರ ಕಡೆಯವರೇ ಆಗಿದ್ದರೆ? ಕೇಳಲು ಹೆದರಿಕೆ.

ಜುಲೈ 24, ಶನಿವಾರ

ಹೋದೆ. ನಂ. 12 ಹೊತ್ತುಕೊಂಡು ಹೋದೆ, ಬಸ್ಸಿನಲ್ಲಿ ಎಲ್ಲರ ಕಾಲು ತುಳಿದು, ಬೈಸಿಕೊಂಡು.

"ಓಹೋ ಆಫೀಸಮ್ಮ. ದಾರಿ ನೆನಪಿದೆಯಾ?" ಹೆಜ್ಜೆ ಕೇಳಿಯೇ ಗೊತ್ತು ಅವರಿಗೆ.

ನಾನು ಕೂರಲೂ ಇಲ್ಲ. "ಮೇಷ್ಟ್ರೇ, ಜನವರಿಯಲ್ಲಿ ಕೈ ಕೂತಿದೆ ಅಂದ್ರಲ್ಲ. ಅದನ್ನ ನಮ್ಮನೆಯವರು ಹೇಳಿಸಿದ್ರಾ?"

ಮೇಷ್ಟ್ರು ಕೈಲಿದ್ದ ದಬ್ಬಳ ಕೆಳಗಿಟ್ಟರು.

"ನಿಮ್ಮ ಯಜಮಾನ್ರು ಬಂದಿದ್ದು ಹೌದು. ಜನವರಿಯಲ್ಲಲ್ಲ. ಜೂನಲ್ಲಿ."

"ಯಾಕೆ?"

"ನಿಮ್ಮನ್ನ ಕರೆಸಿ, ನಿಮ್ಮಿಂದ ಈ ಕೆಲಸ ಆಗಲ್ಲ, ಕೈ ಕೂತೇ ಇಲ್ಲ, ಬಿಟ್ಟುಬಿಡಿ ಅಂತ ಹೇಳಿ ಅಂದ್ರು. ನಾನು ಹೇಳಿದ್ರೆ ನೀವು ನಂಬ್ತೀರಂತೆ."

ನಾನು ಕುರ್ಚಿ ಹಿಡಿದುಕೊಂಡೇ ನಿಂತಿದ್ದೆ.

"ನಾನೇನು ಸುಳ್ಳು ಹೇಳದೋನಲ್ಲಮ್ಮ. ವಯಸ್ಸು ಕೇಳಿದ್ರೆ ಐದು ವರ್ಷ ಕಡಿಮೆ ಹೇಳ್ತೀನಿ. ಕುರ್ಚಿ ವಿಷಯದಲ್ಲಿ ಹೇಳಲ್ಲ. ಹೋಗ್ರೀ ಆಚೆ ಅಂದೆ. ನೀವು ಬಂದಿದ್ರೆ ಆಗಲೇ ಹೇಳ್ತಿದ್ದೆ, ನೀವು ಈ ಕಡೆ ತಲೆ ಹಾಕಲಿಲ್ಲ. ಎಲ್ಲಿ, ಕೊಡಿ ಅದನ್ನ."

ಬೋರಲು ಹಾಕಿದರು. ಗಂಟು ಮುಟ್ಟಿದರು. ಅಂಚಿನ ಎರಡು ಸುತ್ತು ಮುಟ್ಟಿ, "ಮಕ್ಕಳಿಗಾ?" ಎಂದರು. ಹೌದೆಂದೆ. ಒಂದು ಕಡೆ ಓರೆಗೆರೆ ಸ್ವಲ್ಪ ಜಾರಿದೆ ಎಂದು ಬೈದರು. ಆಮೇಲೆ ಹೇಳಿದರು, ಒಂದು ವಾಚನಾಲಯದ ಮೂವತ್ತಾರು ಕುರ್ಚಿ ಬಂದು ಬಿದ್ದಿದೆ, ತಮ್ಮ ಬೆರಳು ಈಗ ಮೊದಲಿನ ಹಾಗೆ ಮಡಚುವುದಿಲ್ಲ, ಅರ್ಧ ನೀವು ಹೆಣೆಯಿರಿ. ವಾಚನಾಲಯ ನಿಜವಾದದ್ದೇ, ಬೇಕಾದರೆ ಹೋಗಿ ಕಣ್ಣಾರೆ ನೋಡಿಕೊಂಡು ಬನ್ನಿ.

ಹೋಗಿ ನೋಡಿದೆ. ನಾಚಿಕೆ ಬಿಟ್ಟು ಒಳಗೆ ಹೋಗಿ ನೋಡಿದೆ. ಜನ ನಿಂತು ಪೇಪರ್ ಓದುತ್ತಿದ್ದಾರೆ. ಕುರ್ಚಿ ಯಾವಾಗ ಬರುತ್ತೆ ಎಂದು ಒಬ್ಬ ಮುದುಕ ನನ್ನನ್ನೇ ಕೇಳಿದ.

ಕುಣಿಯಬೇಕಿತ್ತು. ಆಗಲಿಲ್ಲ. ಸುಳ್ಳು ಕುರ್ಚಿ ತಂದದ್ದನ್ನು ಪ್ರೀತಿ ಎಂದುಕೊಂಡರೂ ಅಂದುಕೊಳ್ಳಬಹುದು, ಮೂರು ವಾರದಿಂದ ಹಾಗೆ ಅಂದುಕೊಳ್ಳಲು ಹೆಣಗಿದ್ದೇನೆ. ಇದನ್ನು ಏನೆನ್ನಲಿ? ನನ್ನ ಕೈ ಕೂತಿದೆ ಎನ್ನುವುದು ಇವರಿಗೆ ಗೊತ್ತಿತ್ತು. ಅದನ್ನೇ ಮುರಿಯಲು ಹೋಗಿದ್ದರು.

ಜುಲೈ 31, ಶನಿವಾರ

ಹೊಸ ರಾಜೀನಾಮೆ ಬರೆದಿದ್ದೇನೆ. ಸೋಮವಾರ ನಾನೇ ಕೊಟ್ಟು ನಂಬರು ಹಾಕಿಸಿಕೊಂಡು ಬರುತ್ತೇನೆ.

ಮೇಷ್ಟ್ರು ಹೇಳಿದ್ದನ್ನು ಇವರ ಮುಂದಿಟ್ಟೆ. ಇಲ್ಲ ಅನ್ನಲಿಲ್ಲ. ತಲೆ ತಗ್ಗಿಸಿಕೊಂಡು, "ಇನ್ನು ನಿನ್ನ ವಿಷಯದಲ್ಲಿ ಒಂದು ಸುಳ್ಳೂ ಹೇಳಲ್ಲ, ಆಣೆಗೂ" ಎಂದರು. ಕಣ್ಣಲ್ಲಿ ನೀರಿತ್ತು. ಹತ್ತೊಂಬತ್ತು ವರ್ಷದಲ್ಲಿ ಅದನ್ನು ನೋಡಿದ್ದು ಎರಡನೇ ಸಲ.

ಆಣೆ ಬೇಡ ಎಂದೆ. ಒಂದೇ ಕೆಲಸ ಮಾಡಿ ಎಂದೆ. ಸೋಮವಾರ ಬೆಳಗ್ಗೆ ನಾನು ಹೋಗುವ ಮೊದಲು ನೀವೇ ದೊಡ್ಡ ಮೇಜಿಗೆ ಫೋನ್ ಮಾಡಿ. ಆ ರಜಾ ಫಾರಂ ತುಂಬಿದವನು ನಾನು, ಅವಳಿಗೆ ಗೊತ್ತಿರಲಿಲ್ಲ, ಅವಳು ಜನವರಿಯಲ್ಲೇ ಬಿಟ್ಟಿದ್ದಳು ಎಂದು ನಿಮ್ಮ ಬಾಯಿಂದ ಹೇಳಿ. ಅಷ್ಟು ಹೇಳಿದರೆ ಉಳಿದದ್ದನ್ನು ನಿಧಾನಕ್ಕೆ ನೋಡೋಣ.

"ಹೇಳ್ತೀನಿ" ಎಂದರು. ಅತ್ತೆಯ ಎದುರಿಗೇ ಎಂದರು. ನಂಬಿದ್ದೇನೆ. ಇನ್ನೊಂದು ಸಲ ನಂಬಲು ನನಗೂ ಆಸೆ ಇದೆ.

ಆಗಸ್ಟ್ 2, ಸೋಮವಾರ. ಬೆಳಗ್ಗೆ 9.40

ಬೆತ್ತ ನೆನೆಸಿಟ್ಟು ಬಂದು ಕೂತಿದ್ದೇನೆ. ಕಾಗದ ಬ್ಯಾಗಿನಲ್ಲಿದೆ. ಹತ್ತೂವರೆ ಬಸ್ಸು.

ಇವರು ನಡುಮನೆಯಲ್ಲಿ ಫೋನ್ ಹಚ್ಚಿದ್ದಾರೆ. ಬಾಗಿಲು ಅರ್ಧ ಮುಚ್ಚಿದೆ, ಆದರೂ ಕೇಳುತ್ತದೆ. ನಮಸ್ಕಾರ ಸಾರ್ ಎಂದರು. ಹೌದು ಸಾರ್, ಇವತ್ತೇ ಬರಬೇಕಿತ್ತು ಎಂದರು. ಡಾಕ್ಟರುಗಳ ಹತ್ತಿರ ಆಡುವ ಅದೇ ಸಿಹಿ ದನಿ. ಈಗ ಹೇಳುತ್ತಾರೆ.

ಅತ್ತೆ ಬಾಗಿಲ ಹತ್ತಿರ ಬಂದು ನಿಂತು ನನ್ನನ್ನೇ ನೋಡುತ್ತಿದ್ದಾರೆ.

"...ಇಲ್ಲ ಸಾರ್, ಹಾಗೇನಿಲ್ಲ, ಸ್ವಲ್ಪ ಹುಷಾರಿಲ್ಲ ಅವಳಿಗೆ. ಮಲಗಿದಾಳೆ. ಇನ್ನೊಂದು ಹದಿನೈದು ದಿನ ರಜೆ ಮುಂದುವರಿಸಿಬಿಡಿ ಸಾರ್, ಆಮೇಲೆ ಖಂಡಿತ..."

ಎದ್ದೆ. ಆ ಫೋನನ್ನು ಇವರ ಕೈಯಿಂದ ತೆಗೆದುಕೊಂಡು ನಾನೇ ಹೇಳುತ್ತೇನೆ, ಜನವರಿಯಲ್ಲೇ ಬಿಟ್ಟಿದ್ದೇನೆ ಎಂದು.